ಸ್ಟ್ಯಾನ್ಲಿಯ ಡಬ್ಬ, ನಮ್ಮಪ್ಪನ ಖಾನಾವಳಿ ಮತ್ತು 'ಮನೆಗೆಲಸ'

ಕಳೆದ ನವೆಂಬರ್‌ನ ಒಂದು ರಾತ್ರಿ ಊಟ ಮುಗಿದ ಮೇಲೆ ಹನ್ನೊಂದು ವರ್ಷದ ಮಗಳಿಗೆ "ನಿನ್ನ ತಟ್ಟೆ ನೀನೇ ತೊಳೆದಿಡು" ಅಂದೆ. ಅವಳು ಟ್ಯಾಬ್‌ನಿಂದ ತಲೆ ಎತ್ತದೆ "ಪಪ್ಪಾ, ಇದು ಚೈಲ್ಡ್ ಲೇಬರ್" ಅಂದಳು. ಶಾಲೆಯ ಯಾವುದೋ ಪಾಠದಲ್ಲಿ ಬಂದಿರಬೇಕು. ಹೆಂಡತಿ ನಕ್ಕಳು, ನಾನೂ ನಕ್ಕೆ. ಆದರೆ ಆ ದಿನ ಬೆಳಿಗ್ಗೆ ನಮ್ಮ ಮನೆಯಲ್ಲೇ ನಡೆದ ಒಂದು ಸಂಗತಿ ನೆನಪಾಗಿ ನಗು ಅರ್ಧಕ್ಕೇ ನಿಂತಿತು. ಅದನ್ನು ಆಮೇಲೆ ಹೇಳುತ್ತೇನೆ. ಮಗಳಿಗೆ ಭಾಷಣ ಬಿಗಿಯುವ ಬದಲು ಆ ಶನಿವಾರ ಲ್ಯಾಪ್‌ಟಾಪ್‌ನಲ್ಲಿ 'ಸ್ಟ್ಯಾನ್ಲಿ ಕಾ ಡಬ್ಬಾ' ಹಾಕಿದೆ. ಹಿಂದೊಮ್ಮೆ ಈ ಸಿನಿಮಾ ನೋಡಿ ಕಣ್ಣೊರೆಸಿಕೊಂಡು ಮರೆತಿದ್ದೆ. ಈ ಸಲ ಮರೆಯಲಾಗಲಿಲ್ಲ. ಅದಕ್ಕೇ ಈ ಬರಹ.

2011ರ ಮೇ ತಿಂಗಳಲ್ಲಿ ಬಿಡುಗಡೆಯಾದ ಸಿನಿಮಾ ಇದು. ನಿರ್ದೇಶಕ ಅಮೋಲ್ ಗುಪ್ತೆ. 'ತಾರೇ ಜಮೀನ್ ಪರ್' ಬರೆದವರು ಇವರೇ. ಕತೆ ಸರಳ. ಮುಂಬೈನ ಒಂದು ಶಾಲೆಯಲ್ಲಿ ಸ್ಟ್ಯಾನ್ಲಿ ಎಂಬ ಹುಡುಗ ಓದುತ್ತಿದ್ದಾನೆ. ಚುರುಕು, ಬಾಯಿ ಬಡುಕ, ಕತೆ ಕಟ್ಟುವುದರಲ್ಲಿ ಎತ್ತಿದ ಕೈ. ಅವನು ಮಾತ್ರ ಡಬ್ಬ ತರುವುದಿಲ್ಲ. ಗೆಳೆಯರು ತಮ್ಮದರಲ್ಲೇ ಅವನಿಗೂ ಕೊಡುತ್ತಾರೆ. ಆದರೆ ಮಕ್ಕಳ ಡಬ್ಬಗಳ ಮೇಲೆ ಕಣ್ಣಿಟ್ಟ ಹಿಂದಿ ಮೇಷ್ಟ್ರು ವರ್ಮಾ ಇದನ್ನು ಸಹಿಸುವುದಿಲ್ಲ. ಡಬ್ಬ ತರದಿದ್ದರೆ ಶಾಲೆಗೇ ಬರಬೇಡ ಅನ್ನುತ್ತಾನೆ. ಈ ಹೊಟ್ಟೆಬಾಕ ಮೇಷ್ಟ್ರ ಪಾತ್ರ ಮಾಡಿರುವವರು ಸ್ವತಃ ಗುಪ್ತೆ. ಸ್ಟ್ಯಾನ್ಲಿಯ ಪಾತ್ರ ಮಾಡಿರುವವನು ಅವರ ಮಗ ಪಾರ್ಥೋ. ಆ ವರ್ಷ ಅವನಿಗೆ ಅತ್ಯುತ್ತಮ ಬಾಲನಟ ರಾಷ್ಟ್ರಪ್ರಶಸ್ತಿಯೂ ಬಂತು.

ಸ್ಟ್ಯಾನ್ಲಿ ಡಬ್ಬ ಯಾಕೆ ತರುವುದಿಲ್ಲ ಎನ್ನುವುದು ಕೊನೆಯಲ್ಲಿ ಗೊತ್ತಾಗುತ್ತದೆ. ಅವನಿಗೆ ಅಪ್ಪ ಅಮ್ಮ ಇಲ್ಲ. ಅಂಕಲ್‌ನ ಹೋಟೆಲಿನಲ್ಲಿ ದುಡಿಯುತ್ತಾನೆ, ಅಲ್ಲೇ ಮಲಗುತ್ತಾನೆ. ಹೋಟೆಲಿನ ಅಡುಗೆಯವನು ಉಳಿದದ್ದನ್ನು ತುಂಬಿ ಕೊಡುವ ಡಬ್ಬವನ್ನೇ ಅವನು ಶಾಲೆಯಲ್ಲಿ ಅಮ್ಮ ಮಾಡಿಕೊಟ್ಟದ್ದು ಅಂತ ಹಂಚುತ್ತಾನೆ. ಸಿನಿಮಾ ಮುಗಿಯುವಾಗ ಬಾಲಕಾರ್ಮಿಕರ ಕುರಿತ ಸಾಲುಗಳು ಪರದೆಯ ಮೇಲೆ ಬರುತ್ತವೆ. ನಾವು ಮೂಗು ಏರಿಸಿಕೊಂಡು ಎದ್ದು ಹೋಗುತ್ತೇವೆ.

ನನ್ನ ತಕರಾರು ಇಲ್ಲಿಂದ ಶುರು. ಒಂದೂವರೆ ಗಂಟೆ ಸಿನಿಮಾ ಈ ಹುಡುಗನ ದುಡಿಮೆಯನ್ನು ಬಚ್ಚಿಡುತ್ತದೆ, ಕೊನೆಗೆ ಗುಟ್ಟು ರಟ್ಟು ಮಾಡುವ ಹಾಗೆ ತೋರಿಸುತ್ತದೆ. ಗುಟ್ಟು ಕೆಲಸ ಮಾಡಬೇಕಾದರೆ ತೋರಿಸಿದ ತಕ್ಷಣ ನೋಡುವವನಿಗೆ ತಪ್ಪು ಗೊತ್ತಾಗಬೇಕು. ಹಾಗಾಗಿ ಅಂಕಲ್‌ನನ್ನು ಬೈಯುವವನಾಗಿ, ಹೊಡೆಯುವವನಾಗಿ ಮಾಡಲಾಗಿದೆ. ಪೆಟ್ಟು ಬಿತ್ತು, ಆದ್ದರಿಂದ ಇದು ಬಾಲಕಾರ್ಮಿಕತನ. ನೋಡುವವನ ಮನಸ್ಸಿನಲ್ಲಿ ಲೆಕ್ಕ ಮುಗಿಯುತ್ತದೆ. ಹೊಡೆಯದ, ಬೈಯದ, ಹೊಟ್ಟೆ ತುಂಬಾ ಊಟ ಹಾಕುವ ಅಂಕಲ್ ಆಗಿದ್ದರೆ? ಆ ಪ್ರಶ್ನೆಯನ್ನು ಸಿನಿಮಾ ಕೇಳುವುದೇ ಇಲ್ಲ. ನಮ್ಮ ದೇಶದಲ್ಲಿ ಹೆಚ್ಚಿನ ಮಕ್ಕಳು ದುಡಿಯುವುದು ಇಂಥ ಒಳ್ಳೆಯ ಅಂಕಲ್‌ಗಳ ಹತ್ತಿರ, ತಮ್ಮದೇ ಅಪ್ಪ ಅಮ್ಮನ ಹತ್ತಿರ. ಜಗತ್ತಿನ ಲೆಕ್ಕವೂ ಹಾಗೇ ಇದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಮತ್ತು ಯುನಿಸೆಫ್ 2021ರಲ್ಲಿ ಕೊಟ್ಟ ವರದಿಯ ಪ್ರಕಾರ 16 ಕೋಟಿ ಬಾಲಕಾರ್ಮಿಕರಲ್ಲಿ ಶೇಕಡ 72ರಷ್ಟು ಮಕ್ಕಳು ದುಡಿಯುತ್ತಿದ್ದದ್ದು ಕುಟುಂಬದ ಒಳಗೇ.

ಈ ಅಂಕಲ್ ಯಾರು ಎನ್ನುವುದೂ ಮುಖ್ಯ. ಬಾಲಕಾರ್ಮಿಕ ನಿಷೇಧ ಕಾಯ್ದೆ 1986ರದ್ದು. 2016ರಲ್ಲಿ ಅದಕ್ಕೆ ತಿದ್ದುಪಡಿಯಾಗಿ 14 ವರ್ಷದೊಳಗಿನ ಮಕ್ಕಳನ್ನು ಯಾವುದೇ ಉದ್ಯೋಗಕ್ಕೆ ಇಟ್ಟುಕೊಳ್ಳಬಾರದು ಎಂದಾಯಿತು. ಜೊತೆಗೆ ಎರಡು ವಿನಾಯಿತಿ ಬಂದವು. ಒಂದು, ಮಗು ಶಾಲೆಯ ಹೊತ್ತು ಮುಗಿದ ಮೇಲೆ ಅಥವಾ ರಜೆಯಲ್ಲಿ ತನ್ನ ಕುಟುಂಬಕ್ಕೆ, ಕುಟುಂಬದ ಉದ್ದಿಮೆಗೆ ನೆರವಾಗಬಹುದು, ಕೆಲಸ ಅಪಾಯದ್ದಾಗಿರಬಾರದು. ಎರಡು, ಮಗು ಕಲಾವಿದನಾಗಿ ಸಿನಿಮಾ, ಟೀವಿ, ಜಾಹೀರಾತಿನಲ್ಲಿ ನಟಿಸಬಹುದು. ಮೊದಲನೆಯದರಲ್ಲಿ 'ಕುಟುಂಬ' ಅಂದರೆ ಅಪ್ಪ, ಅಮ್ಮ, ಅಣ್ಣತಮ್ಮ, ಅಕ್ಕತಂಗಿ ಮಾತ್ರ ಅಲ್ಲ, ಅಪ್ಪನ ಒಡಹುಟ್ಟಿದವರು, ಅಮ್ಮನ ಒಡಹುಟ್ಟಿದವರು ಕೂಡ. ಚಿಕ್ಕಪ್ಪ, ದೊಡ್ಡಪ್ಪ, ಸೋದರತ್ತೆ, ಸೋದರಮಾವ, ಚಿಕ್ಕಮ್ಮ, ದೊಡ್ಡಮ್ಮ ಎಲ್ಲ ಬಂದರು. ಇವರಲ್ಲಿ ಗಂಡಸರಿಗೆಲ್ಲ ಸೇರಿ ಒಂದೇ ಪದ ಸಾಕು, ಅಂಕಲ್. ಸಿನಿಮಾದ ಖಳನಾಯಕ ಐದು ವರ್ಷದ ನಂತರ ಕಾನೂನಿನ ಪುಸ್ತಕದಲ್ಲಿ 'ಕುಟುಂಬ' ಆಗಿ ಕೂತ.

ನ್ಯಾಯವಾಗಿ ಹೇಳಬೇಕೆಂದರೆ 2017ರ ನಿಯಮಗಳು ಇದಕ್ಕೆ ಬೇಲಿ ಹಾಕಿವೆ. ನೆರವು ದಿನಕ್ಕೆ 3 ಗಂಟೆ ಮೀರಬಾರದು, ಸಂಜೆ 7ರಿಂದ ಬೆಳಿಗ್ಗೆ 8ರವರೆಗೆ ಕೂಡದು, ದೊಡ್ಡವರ ಬದಲಿಗೆ ಮಗು ನಿಲ್ಲಬಾರದು. ಹಾಗೆ ನೋಡಿದರೆ ರಾತ್ರಿ ಹೊತ್ತು ದುಡಿಯುವ ಸ್ಟ್ಯಾನ್ಲಿಯ ಅಂಕಲ್ ತಪ್ಪಿತಸ್ಥನೇ. ಆದರೆ ರಾತ್ರಿ ಎಂಟು ಗಂಟೆಗೆ ಮಾವನ ಅಡುಗೆಮನೆಯಲ್ಲಿ ಗಡಿಯಾರ ಹಿಡಿದು ನಿಲ್ಲುವವರು ಯಾರು?

ಪ್ರಾಜೆಕ್ಟ್ ಮ್ಯಾನೇಜರ್ ಆದವನಿಗೆ ಟೈಮ್‌ಶೀಟ್ ನೋಡದೆ ನಿದ್ದೆ ಬರುವುದಿಲ್ಲ. ಹಾಗಾಗಿ ನನ್ನದೇ ಬಾಲ್ಯದ ಟೈಮ್‌ಶೀಟ್ ಬರೆದು ನೋಡಿದೆ. 1991ರಲ್ಲಿ ನಾನು ರಾಣೆಬೆನ್ನೂರಿನಲ್ಲಿ ಏಳನೇ ಕ್ಲಾಸು. ಬಸ್ ಸ್ಟ್ಯಾಂಡ್ ಹತ್ತಿರ ಅಪ್ಪನ ಖಾನಾವಳಿ. ಬೆಳಿಗ್ಗೆ ಒಂದೂವರೆ ಗಂಟೆ ನೀರು ತುಂಬುವುದು, ಈರುಳ್ಳಿ ಹೆಚ್ಚುವುದು, ಬೆಂಚು ಒರೆಸುವುದು. ಸಂಜೆ ಎರಡು ಗಂಟೆ ತಾಟು ತೊಳೆಯುವುದು, ರೊಟ್ಟಿ ಪಲ್ಯ ಬಡಿಸುವುದು. ವಾರಕ್ಕೆ ಇಪ್ಪತ್ತನಾಲ್ಕೂವರೆ ಗಂಟೆ. ಯುನಿಸೆಫ್ ಬಳಸುವ ಅಳತೆಯಲ್ಲಿ 12ರಿಂದ 14ರ ಮಗು ವಾರಕ್ಕೆ 14 ಗಂಟೆ ಆರ್ಥಿಕ ಚಟುವಟಿಕೆಯಲ್ಲಿ ತೊಡಗಿದ್ದರೆ ಅದು ಬಾಲಕಾರ್ಮಿಕತನ. 5ರಿಂದ 11ರ ಮಗುವಿಗಾದರೆ ಒಂದು ಗಂಟೆಯೇ ಸಾಕು. ಸಂಬಳವಿಲ್ಲದ ಮನೆಗೆಲಸಕ್ಕೆ ಗೆರೆ 21 ಗಂಟೆ. ಯಾವ ಗೆರೆ ಹಿಡಿದರೂ ನಾನು ಆಚೆ ಕಡೆಯವನು. ಆದರೂ ನನ್ನನ್ನು ಯಾರೂ ಬಾಲಕಾರ್ಮಿಕ ಅನ್ನುವುದಿಲ್ಲ, ನಾನೂ ಅಂದುಕೊಂಡಿಲ್ಲ. ಆಫೀಸಿನಲ್ಲಿ ಹೊಸಬರಿಗೆ 'ನಾನು ಹೋಟೆಲಿನಲ್ಲಿ ತಾಟು ತೊಳೆದು ಮೇಲೆ ಬಂದವನು' ಅಂತ ಎದೆಯುಬ್ಬಿಸಿ ಹೇಳಿದ್ದೂ ಉಂಟು.

ನನ್ನ ಪಕ್ಕ ಅದೇ ನೀರಿನಲ್ಲಿ ತಾಟು ತೊಳೆಯುತ್ತಿದ್ದವನು ನಮ್ಮ ಅತ್ತಿಯ ಮಗ. ನನಗಿಂತ ಒಂದು ವರ್ಷ ದೊಡ್ಡವನು, ಒಂದೇ ಕ್ಲಾಸು. ಅವರಪ್ಪ ತೀರಿಕೊಂಡ ಮೇಲೆ ಅತ್ತಿ ಮಗನನ್ನು ಕರಕೊಂಡು ನಮ್ಮ ಮನೆಗೆ ಬಂದಿದ್ದರು. ನಮ್ಮಪ್ಪ ಅವನಿಗೆ ಸೋದರಮಾವ. ಅಪ್ಪ ಅವನನ್ನು ಒಂದು ದಿನವೂ ಹೊಡೆಯಲಿಲ್ಲ. ನನಗೆ ಅಂಗಿ ತಂದರೆ ಅವನಿಗೂ ತರುತ್ತಿದ್ದರು. ಒಂದೇ ಪಂಕ್ತಿಯಲ್ಲಿ ಊಟ. ಫರಕು ಇದ್ದದ್ದು ಒಂದೇ ಕಡೆ. ಸಂಜೆ ಏಳಾದರೆ ಅಪ್ಪ ಗಲ್ಲಾದ ಮೇಲಿಂದಲೇ ನನಗೆ "ಏಳಲೇ, ಓದಾಕ ಹೋಗು" ಅನ್ನುತ್ತಿದ್ದರು. ನಾನು ಕೈ ತೊಳಕೊಂಡು ಎದ್ದು ಹೋಗುತ್ತಿದ್ದೆ. ನನ್ನ ಪಾಲಿನ ತಾಟುಗಳು ಅವನ ಕಡೆ ಸರಿಯುತ್ತಿದ್ದವು. ಆ ವರ್ಷ ಏಳನೇ ಕ್ಲಾಸಿನ ಪರೀಕ್ಷೆಯಲ್ಲಿ ಅವನು ಫೇಲಾದ. ಮತ್ತೆ ಶಾಲೆಗೆ ಹೋಗಲಿಲ್ಲ. ಯಾರೂ ಬಿಡಿಸಲಿಲ್ಲ, ಹಾಗೇ ಬಿಟ್ಟುಹೋಯಿತು. ಆಗಿನ ಕಾನೂನಿನಲ್ಲಿ ಅಪ್ಪನದು ತಪ್ಪೂ ಆಗಿರಲಿಲ್ಲ. ಹೋಟೆಲು, ಢಾಬಾ, ಮನೆಗೆಲಸಗಳಿಗೆ ಮಕ್ಕಳನ್ನು ಇಟ್ಟುಕೊಳ್ಳುವುದು ನಿಷೇಧವಾದದ್ದೇ 2006ರ ಅಕ್ಟೋಬರ್ 10ರಿಂದ.

ಸಿನಿಮಾ ನೋಡಿದ ಮರುದಿನ ಅವನಿಗೆ ಫೋನ್ ಮಾಡಿದೆ. ಈಗ ಅವನದೇ ಒಂದು ಹೋಟೆಲಿದೆ, ಮಗಳು ನರ್ಸಿಂಗ್ ಓದುತ್ತಿದ್ದಾಳೆ. ಹೀಗೊಂದು ಬರೀತಿದ್ದೀನಿ, ನಿನ್ನ ಸುದ್ದಿ ಬರತೈತಿ, ಹೆಸರು ಹಾಕಲ್ಲ ಅಂದೆ.

"ಬರಿ. ಆದರ ಮಾವ ನನ್ನ ದುಡಿಸಿಕೊಂಡ ಅಂತ ಬರೀಬ್ಯಾಡ. ಅನ್ನ ಹಾಕ್ಯಾನ, ನಮ್ಮವ್ವನ್ನ ಮರ್ಯಾದಿಯಿಂದ ಇಟಗೊಂಡಾನ. ನಾನೇನು ಕೂಲಿ ಹುಡುಗ ಆಗಿರಲಿಲ್ಲ, ಮನೀ ಹುಡುಗ ಇದ್ದೆ" ಅಂದ. ನಾನು ಹೂಂ ಅಂದೆ. ಸ್ವಲ್ಪ ಹೊತ್ತು ಅವನೂ ಸುಮ್ಮನಿದ್ದ. ಆಮೇಲೆ, "ಒಂದ ಮಾತು ಖರೇ ನೋಡಲೇ. ನನಗ ಯಾರೂ ಏಳು ಅನಲಿಲ್ಲ" ಅಂದ.

ನನಗೆ ಈ ಮಾತು ಯುನಿಸೆಫ್‌ನ ಗಂಟೆ ಲೆಕ್ಕಕ್ಕಿಂತ ಸರಿಯಾದ ಅಳತೆ ಅನ್ನಿಸಿದೆ. ಗಂಟೆಗಳ ಲೆಕ್ಕ ಬೇಡ ಅನ್ನುವುದಿಲ್ಲ. ಲೆಕ್ಕ ಇಲ್ಲದಿದ್ದರೆ ಎಲ್ಲ ಅಪ್ಪಂದಿರೂ ಎಲ್ಲ ಮಾವಂದಿರೂ ಒಳ್ಳೆಯವರೇ. ಆದರೆ ಅದೇ ಲೆಕ್ಕದಲ್ಲಿ ನಾನೂ ಅವನೂ ಒಂದೇ ಕಾಲಂನಲ್ಲಿ ಬೀಳುತ್ತೇವೆ, ಅದು ಸುಳ್ಳು. ಮಗುವಿನ ಓದು, ಆಟ, ನಿದ್ದೆಯ ಹೊತ್ತು ಬಂದಾಗ ಕೆಲಸ ಪಕ್ಕಕ್ಕೆ ಸರಿಯುತ್ತದೋ, ಮಗು ಪಕ್ಕಕ್ಕೆ ಸರಿಯುತ್ತದೋ? ಮಗು ಎದ್ದು ಹೋದರೆ ಆ ಮನೆಯ ಅಂದಿನ ವ್ಯವಹಾರ ನಿಲ್ಲುತ್ತದೋ? ನಾನು ಎದ್ದರೆ ಖಾನಾವಳಿ ನಡೆಯುತ್ತಿತ್ತು, ಅವನು ಇದ್ದನಲ್ಲ. ಅವನು ಎದ್ದರೆ ಅಪ್ಪ ಸಂಬಳ ಕೊಟ್ಟು ಆಳು ಇಡಬೇಕಿತ್ತು. 'ದೊಡ್ಡವರ ಬದಲಿಗೆ ಮಗು ನಿಲ್ಲಬಾರದು' ಎಂಬ 2017ರ ನಿಯಮ ಹೇಳುವುದು ಇದನ್ನೇ ಇರಬೇಕು.

ಈ ಅಳತೆ ಹಿಡಿದು ಸಿನಿಮಾಕ್ಕೆ ವಾಪಸ್ ಹೋದರೆ ಒಂದು ವಿಚಿತ್ರ ಕಾಣುತ್ತದೆ. 'ಸ್ಟ್ಯಾನ್ಲಿ ಕಾ ಡಬ್ಬಾ' ತಯಾರಾದದ್ದು ಶನಿವಾರಗಳಂದು ಮಕ್ಕಳಿಗಾಗಿ ನಡೆಸಿದ ಕಾರ್ಯಾಗಾರಗಳಲ್ಲಿ. ದಿನಕ್ಕೆ ಕೆಲವೇ ಗಂಟೆ, ಸಣ್ಣ ಸ್ಟಿಲ್ ಕ್ಯಾಮೆರಾ, ಯಾರಿಗೂ ಶಾಲೆ ತಪ್ಪಲಿಲ್ಲ. ಗುಪ್ತೆಯವರ ಮಗ ಅಪ್ಪನ ಸಿನಿಮಾದಲ್ಲಿ ದುಡಿದ. ಅಂದರೆ ಮುಂದೆ 2016ರಲ್ಲಿ ಬಂದ ಎರಡು ವಿನಾಯಿತಿಗಳೂ, ಕುಟುಂಬದ ಉದ್ದಿಮೆ ಮತ್ತು ಬಾಲನಟ, ಈ ಒಬ್ಬ ಹುಡುಗನಿಗೇ ಅನ್ವಯವಾಗುವಂತಿದ್ದವು. ಹಾಗಂತ ಅದನ್ನು ಬಾಲಕಾರ್ಮಿಕತನ ಅನ್ನಲು ನನಗೆ ಬಾಯಿ ಬರುವುದಿಲ್ಲ. ಅಲ್ಲಿ ಮಕ್ಕಳ ಹೊತ್ತಿಗೆ ತಕ್ಕಂತೆ ಶೂಟಿಂಗ್ ನಡೆಯಿತು, ಶೂಟಿಂಗಿಗೆ ತಕ್ಕಂತೆ ಮಕ್ಕಳು ಕುಣಿಯಲಿಲ್ಲ. ನಮ್ಮ ಟೀವಿ ರಿಯಾಲಿಟಿ ಶೋಗಳಲ್ಲಿ ನಡುರಾತ್ರಿವರೆಗೆ ಹಾಡುವ ಮಕ್ಕಳನ್ನು ನೋಡಿ ಚಪ್ಪಾಳೆ ತಟ್ಟುವವರು ಇದನ್ನು ಗಮನಿಸಬೇಕು. ಕತೆಯಲ್ಲಿ ಎಳೆಯಲಾಗದ ಗೆರೆಯನ್ನು ಗುಪ್ತೆ ತಮ್ಮ ಶೂಟಿಂಗ್ ಶೆಡ್ಯೂಲಿನಲ್ಲಿ ಸರಿಯಾಗಿ ಎಳೆದಿದ್ದಾರೆ. ಸಿನಿಮಾ ಹೇಳಿದ್ದಕ್ಕಿಂತ ಅದನ್ನು ಮಾಡಿದ ರೀತಿಯೇ ನನಗೆ ಹೆಚ್ಚು ಕಲಿಸಿತು.

ಇನ್ನೊಂದು ಮೆಚ್ಚುಗೆಯನ್ನೂ ಹೇಳಬೇಕು. ಕೊನೆಯಲ್ಲಿ ಸ್ಟ್ಯಾನ್ಲಿಯನ್ನು ಯಾರೂ ಬಿಡಿಸಿಕೊಂಡು ಹೋಗುವುದಿಲ್ಲ. ಪೊಲೀಸ್ ದಾಳಿ ಇಲ್ಲ, ಪ್ರೀತಿಯ ರೋಸಿ ಮಿಸ್ ಬಂದು ದತ್ತು ತೆಗೆದುಕೊಳ್ಳುವುದಿಲ್ಲ. ಅವನು ರಾತ್ರಿ ದುಡಿಯುತ್ತಾನೆ, ಬೆಳಿಗ್ಗೆ ಶಾಲೆಗೆ ಬರುತ್ತಾನೆ. ಅಷ್ಟು ಮಟ್ಟಿಗೆ ಸಿನಿಮಾ ನಮಗೆ ಸುಳ್ಳು ಸಮಾಧಾನ ಕೊಡುವುದಿಲ್ಲ.

ನಮ್ಮ ಕನ್ನಡದ ಸಿನಿಮಾಗಳು ಈ ವಿಷಯದಲ್ಲಿ ಏನು ಮಾಡಿವೆ? 1993ರ ನಾಗಾಭರಣರ 'ಚಿನ್ನಾರಿ ಮುತ್ತ' ನನ್ನ ವಯಸ್ಸಿನವರೆಲ್ಲ ಮರೆಯದ ಸಿನಿಮಾ. 2016ರಲ್ಲಿ ಪೃಥ್ವಿ ಕೊಣನೂರು 'ರೈಲ್ವೆ ಚಿಲ್ಡ್ರನ್' ಮಾಡಿದರು. ಎರಡರಲ್ಲೂ ಮನೆ ಬಿಟ್ಟು ಬಂದ ಹುಡುಗರು, ಬೀದಿ, ರೈಲು ನಿಲ್ದಾಣ. ದುಡಿಯುವ ಮಗು ಅಂದರೆ ಮನೆಯ ಹೊರಗಿನ ಮಗು ಎಂದೇ ನಮ್ಮ ಕ್ಯಾಮೆರಾ ನಂಬಿದೆ. ಇನ್ನೂ ಹಿಂದಕ್ಕೆ, ಶಿವರಾಮ ಕಾರಂತರು 1933ರಲ್ಲಿ ಬರೆದ, ಬಿ.ವಿ. ಕಾರಂತರು 1975ರಲ್ಲಿ ಸಿನಿಮಾ ಮಾಡಿದ 'ಚೋಮನ ದುಡಿ'ಗೆ ಹೋಗಿ. ಸಾಲ ತೀರಿಸಲು ಚೋಮನ ಗಂಡುಮಕ್ಕಳು ಕಾಫಿ ತೋಟಕ್ಕೆ ಹೋಗುವುದನ್ನು ನೋಡಿ ನಮ್ಮ ಕರುಳು ಕಿತ್ತು ಬರುತ್ತದೆ. ತಾಯಿಯಿಲ್ಲದ ಆ ಗುಡಿಸಲನ್ನು ನಿಭಾಯಿಸುವ ಬೆಳ್ಳಿಯ ದುಡಿಮೆಯನ್ನು ನಾವು ದುಡಿಮೆ ಅಂತಲೇ ಎಣಿಸುವುದಿಲ್ಲ. ಆಮೇಲೆ ಅವಳೂ ತೋಟಕ್ಕೆ ಹೋದಾಗ ಮಾತ್ರ ಎಣಿಕೆ ಶುರುವಾಗುತ್ತದೆ. ನನ್ನ ಟೈಮ್‌ಶೀಟಿನಲ್ಲೂ ಇದೇ ತಪ್ಪಿದೆ. ನಾನು, ಅತ್ತಿಯ ಮಗ ಅಂತ ಬರೆದೆ. ಅದೇ ಹೊತ್ತಿಗೆ ಮನೆಯಲ್ಲಿ ಅವ್ವನ ಜೊತೆ ಐವತ್ತು ರೊಟ್ಟಿ ಬಡಿಯುತ್ತಿದ್ದ ನನ್ನ ಅಕ್ಕ ಇಷ್ಟು ಹೊತ್ತು ಈ ಬರಹದೊಳಗೆ ಬಂದೇ ಇರಲಿಲ್ಲ.

ನಮ್ಮ ನುಡಿಯೂ ಇದಕ್ಕೆ ಕಾರಣ ಇರಬಹುದು. 'ಮನೆಗೆಲಸ' ಎಂಬ ಒಂದೇ ಮಾತನ್ನು ನಾವು ಮಗಳು ತನ್ನ ಮನೆಯಲ್ಲಿ ಮಾಡುವುದಕ್ಕೂ ಬಳಸುತ್ತೇವೆ, ಹೆಂಗಸೊಬ್ಬಳು ಇನ್ನೊಬ್ಬರ ಮನೆಯಲ್ಲಿ ಸಂಬಳಕ್ಕೆ ಮಾಡುವುದಕ್ಕೂ ಬಳಸುತ್ತೇವೆ. ಶಾಲೆಯಲ್ಲಿ ಮೇಷ್ಟ್ರು ಮನೆಗೆ ಹೋಗಿ ಬರಕೊಂಡು ಬಾ ಅಂತ ಕೊಡುವುದೂ ಮನೆಗೆಲಸವೇ. ಯಾರ ಮನೆ, ಯಾರ ಕೆಲಸ ಎಂದು ಈ ಮಾತು ಹೇಳುವುದಿಲ್ಲ.

ಇನ್ನು ಆ ಬೆಳಗಿನ ಸಂಗತಿ. ಹೊಗೆ ಜಾಸ್ತಿಯಾಗಿ ದೆಹಲಿ, ನೋಯ್ಡಾದ ಶಾಲೆಗಳು ಆನ್‌ಲೈನ್ ಆಗಿದ್ದವು. ಗ್ರೇಟರ್ ನೋಯ್ಡಾ ವೆಸ್ಟ್‌ನ ನಮ್ಮ ಹದಿನಾಲ್ಕನೇ ಮಹಡಿಯಿಂದ ಎದುರಿನ ಟವರ್ ಮಸುಕಾಗಿ ಕಾಣುತ್ತಿತ್ತು. ಮಗಳು ಊಟದ ಮೇಜಿನ ಮೇಲೆ ಟ್ಯಾಬ್ ಇಟ್ಟುಕೊಂಡು ಕ್ಲಾಸಿನಲ್ಲಿದ್ದಳು. ನಾನು ಒಳಗೆ ಕಾಲ್‌ನಲ್ಲಿದ್ದೆ. ನೀರಿಗೆಂದು ಹೊರಗೆ ಬಂದಾಗ ನಮ್ಮ ಮನೆಗೆ ಕೆಲಸಕ್ಕೆ ಬರುವ ದೀದಿಯ ಮಗಳು ಅದೇ ಮೇಜಿನ ಕೆಳಗೆ ನೆಲ ಒರೆಸುತ್ತಿದ್ದಳು. ಹನ್ನೆರಡು ವರ್ಷ ಇರಬಹುದು. ನನ್ನ ಮಗಳು ಕಾಲು ಮೇಲೆತ್ತಿ ಕೂತಿದ್ದಳು, ಒರೆಸಲು ಅನುಕೂಲವಾಗಲಿ ಅಂತ.

ದೀದಿ ನನ್ನ ಮುಖ ನೋಡಿ ಮೊದಲೇ ಹೇಳಿದಳು: "ಘರ್ ಕಾ ಕಾಮ್ ಹೀ ತೋ ಹೈ ಭೈಯಾ, ಸೀಖ್ ರಹೀ ಹೈ." ಮನೆಗೆಲಸ ತಾನೇ, ಕಲಿಯುತ್ತಿದ್ದಾಳೆ. ಕನ್ನಡದ ಅದೇ ಮಾತು ಹಿಂದಿಯಲ್ಲಿ ನನ್ನ ಮುಂದೆ ನಿಂತಿತ್ತು. ಅವಳ ಮನೆಯಲ್ಲ, ನನ್ನ ಮನೆ. ನಾನು ಏನೂ ಹೇಳದೆ ನೀರು ಕುಡಿದು ಕಾಲ್‌ಗೆ ವಾಪಸ್ ಹೋದೆ. ಅದೇ ರಾತ್ರಿ ಮಗಳಿಗೆ ತಟ್ಟೆ ತೊಳೆಯಲು ಹೇಳಿದ್ದು. ಹೇಳಲು ಕಾರಣ ಬೆಳಗಿನ ಮುಜುಗರವೇ ಇರಬೇಕು.

ಸಿನಿಮಾ ಮುಗಿದಾಗ ಮಗಳು ಅಳಲಿಲ್ಲ. "ಬೆಳಿಗ್ಗೆ ಬಂದಿದ್ದ ಅಕ್ಕನಿಗೂ ಆನ್‌ಲೈನ್ ಕ್ಲಾಸ್ ಇತ್ತಾ?" ಅಂತ ಕೇಳಿದಳು. ನಾನು ಅದನ್ನು ಕೇಳಿಯೇ ಇರಲಿಲ್ಲ. ಸೋಮವಾರ ದೀದಿಯನ್ನು ವಿಚಾರಿಸಿದೆ. ಸರ್ಕಾರಿ ಶಾಲೆಯಿಂದ ವಾಟ್ಸಾಪ್‌ನಲ್ಲಿ ಪಾಠ ಬರುತ್ತದೆ, ಆದರೆ ಫೋನು ಇ-ರಿಕ್ಷಾ ಓಡಿಸುವ ಅಪ್ಪನ ಜೇಬಿನಲ್ಲಿ. ಹುಡುಗಿಯನ್ನು ಒಬ್ಬಳೇ ಕೋಣೆಯಲ್ಲಿ ಬಿಟ್ಟು ಬರಲು ಭಯ, ಅದಕ್ಕೇ ಜೊತೆಗೆ ಕರೆತರುತ್ತಾಳೆ. ಸುಮ್ಮನೆ ಕೂತರೆ ಹೊತ್ತು ಹೋಗದು, ಕೈ ಜೋಡಿಸಿದರೆ ಒಂದೊಂದು ಮನೆಗೆ ಇಪ್ಪತ್ತು ನಿಮಿಷ ಉಳಿಯುತ್ತದೆ. ಆರು ಮನೆ, ಎರಡು ಗಂಟೆ. ಆ ಎರಡು ಗಂಟೆಯಲ್ಲಿ ಅವಳು ಮನೆಗೆ ಹೋಗಿ ಅಡುಗೆ ಮಾಡುತ್ತಾಳೆ.

ಇದರಲ್ಲಿ ಯಾರನ್ನು ಖಳನಾಯಕ ಮಾಡಲಿ? ದೀದಿಯನ್ನಂತೂ ಅಲ್ಲ. ಉಳಿದ ಇಪ್ಪತ್ತು ನಿಮಿಷ ನನ್ನ ಮನೆಯ ಲೆಕ್ಕದ್ದು. ಹುಡುಗಿ ಒರೆಸದಿದ್ದರೆ ಒಂದೋ ನಾನು ಹೆಚ್ಚು ಕೊಡಬೇಕು, ಇಲ್ಲವೇ ನನ್ನ ನೆಲ ಕೊಳೆಯಾಗಿರಬೇಕು. ಕರ್ನಾಟಕದಲ್ಲೇ 1990ರಲ್ಲಿ ದುಡಿಯುವ ಮಕ್ಕಳು ಸೇರಿ ಭೀಮ ಸಂಘ ಕಟ್ಟಿಕೊಂಡಿದ್ದರು. ಬರೀ ನಿಷೇಧ ಹೇರಿದರೆ ಮಕ್ಕಳು ಇನ್ನಷ್ಟು ಕಾಣದ ಮೂಲೆಗೆ ಹೋಗುತ್ತಾರೆ, ಮಕ್ಕಳ ಮಾತನ್ನೂ ಕೇಳಿ ಎನ್ನುವುದು ಆ ಬಳಗದ ವಾದವಾಗಿತ್ತು. ಮೊದಲು ಓದಿದಾಗ ಇದು ದುಡಿಸುವವರಿಗೆ ಅನುಕೂಲದ ವಾದ ಅಂದುಕೊಂಡಿದ್ದೆ. ಈಗ ಅಷ್ಟು ಸುಲಭವಾಗಿ ತಳ್ಳಿಹಾಕಲಾರೆ. 'ನಾಳೆಯಿಂದ ಮಗಳನ್ನು ಕರೆತರಬೇಡ' ಅಂದುಬಿಟ್ಟಿದ್ದರೆ ನನ್ನ ಮನೆ ಶುದ್ಧವಾಗುತ್ತಿತ್ತು, ಹುಡುಗಿ ಐದನೇ ಮಹಡಿಯ ನೆಲ ಒರೆಸುತ್ತಿದ್ದಳು.

ಹೆಂಡತಿ ಒಂದು ದಾರಿ ಹೇಳಿದಳು. ಮಂಗಳವಾರ, ಶುಕ್ರವಾರ ನಮ್ಮ ಮನೆಯ ನೆಲ ಒರೆಸುವುದು ಬೇಡ, ಸಂಬಳ ಅಷ್ಟೇ ಇರಲಿ. ಹುಡುಗಿ ಬಂದರೆ ಮೇಜಿನ ಮೇಲೆ ಕೂರಲಿ, ಕೆಳಗಲ್ಲ. ನನ್ನ ಹಳೆಯ ಫೋನಿಗೆ ವಾಟ್ಸಾಪ್ ಹಾಕಿಕೊಟ್ಟೆವು. ಆ ಎರಡು ದಿನ ನೆಲ ಒರೆಸುವ ಪಾಳಿ ನನ್ನದು ಮತ್ತು ಮಗಳದ್ದು. ಮೊದಲ ವಾರ ಅವಳು ಮತ್ತೆ 'ಚೈಲ್ಡ್ ಲೇಬರ್' ಅಂದಳು. ಕ್ಲಾಸ್ ಶುರುವಾಗುವ ಹೊತ್ತಿಗೆ ನಾನು "ಏಳು, ಹೋಗು" ಅಂದೆ. ಎದ್ದು ಹೋದಳು, ಉಳಿದ ಅರ್ಧ ಹಾಲ್ ನಾನು ಒರೆಸಿದೆ.

ಇದರಿಂದ ದೊಡ್ಡದೇನೂ ಆಗಿಲ್ಲ. ಮಿಕ್ಕ ಐದು ಮನೆಗಳಲ್ಲಿ ಆ ಹುಡುಗಿ ಏನು ಮಾಡುತ್ತಾಳೆ ಎಂದು ಕೇಳಿದರೆ ದೀದಿ ಮಾತು ಮರೆಸುತ್ತಾಳೆ. ಅವಳ ಜಾಗದಲ್ಲಿದ್ದರೆ ನಾನೂ ಮರೆಸುತ್ತಿದ್ದೆ. ಈ ಸಿನಿಮಾ ನೋಡಿಲ್ಲದಿದ್ದರೆ ಮಕ್ಕಳ ಜೊತೆ ಕೂತು ನೋಡಿ. ಕೊನೆಯಲ್ಲಿ ಅಂಕಲ್‌ನನ್ನು ಬೈದು ಮುಗಿಸುವ ಮೊದಲು, ಆ ಹೊತ್ತಿನಲ್ಲಿ ನಿಮ್ಮ ಮನೆಯ ನೆಲ ಯಾರು ಒರೆಸುತ್ತಿದ್ದಾರೆ ಎಂದು ಒಮ್ಮೆ ಹೊರಗೆ ಬಂದು ನೋಡಿ. ನಾನು ನೀರು ಕುಡಿಯಲು ಬಂದಿದ್ದರಿಂದ ನೋಡಿದೆ, ಅಷ್ಟೆ.